ಪರಿಗಿಯ ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ: ಒಂದು ಪಿನಾಫೋರ್ ಪೂರ್ತಿ ನೀವೇ ಹೊಲಿಯಿರಿ



ಪರಿಗಿ, ಕೊಡಿಗೇನಹಳ್ಳಿ, ಶಾಸನಕೋಟೆ ಸುತ್ತಿನ ಊರುಗಳಿಂದ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಫ್ಯಾಕ್ಟರಿ ಬಸ್ಸು ಹತ್ತುವ ನಿಮಗೆ ಈ ಪತ್ರ. ಹಿಂದೂಪುರದ ತೂಮಕುಂಟೆ ಕಡೆಗೆ ಹೋಗುವವರು ಕೆಲವರು, ರೈಲು ಹಿಡಿದು ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕ್‌ವರೆಗೂ ಹೋಗಿಬರುವವರು ಕೆಲವರು. ನಿಮ್ಮಲ್ಲಿ ಬಹಳ ಮಂದಿ ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುತ್ತೀರಿ. ದಿನವಿಡೀ ಮಿಷಿನ್ ಮುಂದೆ ಕೂರುವವರು ಬ್ಲೌಸ್ ಯಾಕೆ ಹೊರಗೆ ಕೊಡುತ್ತೀರಿ ಎಂದು ಕೇಳಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ. "ನಂದು ಬರೀ ಪಾಕೆಟ್ಟಕ್ಕ." "ನಾನು ಕಫ್ ಅಟ್ಯಾಚ್ ಮಾತ್ರ ಮಾಡೋದು." "ನಂಗೆ ಓವರ್‌ಲಾಕ್ ಬಿಟ್ಟು ಬೇರೆ ಬರಲ್ಲ."

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣವಿದೆ. ನಿಮ್ಮಲ್ಲೊಬ್ಬ ತಂಗಿ ಬ್ಲೌಸಿಗೆ ಕಾಯುತ್ತಾ ನನ್ನ ಮಿಷಿನ್ ಮುಂದೆ ಸುಮ್ಮನೆ ಕೂತು ಎರಡು ಚೂರು ಬಟ್ಟೆ ಜೋಡಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಗುಂಡುಪಿನ್ನು ಚುಚ್ಚಲಿಲ್ಲ, ಚಾಕಿನಿಂದ ಗೆರೆ ಎಳೆಯಲಿಲ್ಲ. ಎಡಗೈ ಬಟ್ಟೆಯನ್ನು ಹಿಂದಿನಿಂದ ಹಗುರಾಗಿ ಎಳೆದುಕೊಳ್ಳುತ್ತಿತ್ತು, ಬಲಗೈಯ ತೋರುಬೆರಳು ಅಂಚನ್ನು ಪಾದದ ಬದಿಗೆ ಒತ್ತಿ ಹಿಡಿದಿತ್ತು, ಕಣ್ಣು ಸೂಜಿಗಿಂತ ಎರಡಿಂಚು ಮುಂದಿತ್ತು. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಪಾದ ಎತ್ತಿ, ಬಟ್ಟೆ ತಿರುಗಿಸಿ, ಪಾದ ಇಳಿಸಿದಳು. ಕಾಲು ಇಂಚು ಅಂದರೆ ಮೊದಲಿಂದ ಕೊನೆತನಕ ಕಾಲು ಇಂಚೇ. ವರ್ಷಗಟ್ಟಲೆ ಬ್ಲೌಸ್ ಹೊಲಿದವರಿಗೂ ಮೂಲೆ ಅಷ್ಟು ಚೂಪಾಗಿ ಬರುವುದು ಅಪರೂಪ. ಮಾಡಿ ಮುಗಿಸಿ ಅವಳು ಅದೇ ಮಾತು ಹೇಳಿದಳು, ನಂಗೆ ಹೊಲಿಯೋಕೆ ಬರಲ್ಲಕ್ಕ ಅಂತ.

ಹೊಲಿಗೆ ನಿಮಗೆ ಬರುತ್ತದೆ. ಬರದೇ ಇರುವುದು ಕತ್ತರಿಸುವುದು, ಮತ್ತು ಯಾವುದಾದ ಮೇಲೆ ಯಾವುದು ಎಂಬ ಕ್ರಮ. ಅದು ನಿಮ್ಮ ತಪ್ಪಲ್ಲ. ಕಟ್ಟಿಂಗ್ ಸೆಕ್ಷನ್ನು ಬೇರೆ, ಲೈನು ಬೇರೆ. ಬಂಡಲ್ ಬಿಚ್ಚಿದರೆ ನಿಮಗೆ ಕಾಣುವುದು ನಿಮ್ಮ ಪಾಲಿನ ತುಂಡು ಮಾತ್ರ. ಪಕ್ಕದವರ ಕೈಯಲ್ಲಿ ಏನಾಗುತ್ತಿದೆ ಎಂದು ತಲೆಯೆತ್ತಿ ನೋಡಲು ಟಾರ್ಗೆಟ್ ಬಿಡುವುದಿಲ್ಲ. ಸಾವಿರಾರು ಶರ್ಟುಗಳಿಗೆ ಕಾಲರ್ ಕೂರಿಸಿದವರಿಗೆ ಒಂದು ಶರ್ಟೂ ತಮ್ಮದು ಅನ್ನಿಸುವುದಿಲ್ಲ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಅದಕ್ಕೇ ಕೇಳುತ್ತಿದ್ದೇನೆ: ಈ ವರ್ಷ ಒಂದೇ ಒಂದು ಉಡುಪನ್ನು ಅಳತೆ ತೆಗೆಯುವುದರಿಂದ ಹಿಡಿದು ಕಾಜ ಗುಂಡಿಯವರೆಗೆ ನೀವೊಬ್ಬರೇ ಮಾಡಿ. ಮಗಳಿಗೆ ಒಂದು ಡೆನಿಮ್ ಪಿನಾಫೋರ್. ಮಗಳಿಲ್ಲದವರು ಅಣ್ಣನ ಮಗಳಿಗೋ ನಾದಿನಿ ಮಗಳಿಗೋ ಹೊಲಿಯಿರಿ.

ಪಿನಾಫೋರೇ ಯಾಕೆ ಎಂದರೆ, ಅದಕ್ಕೆ ತೋಳಿಲ್ಲ, ಕಾಲರಿಲ್ಲ, ಜಿಪ್ಪಿಲ್ಲ, ಸೊಂಟಕ್ಕೆ ಬಿಗಿಯಿಲ್ಲ. ಒಳಗೊಂದು ಶರ್ಟೋ ಟೀಶರ್ಟೋ ಹಾಕಿ ಮೇಲೆ ತೊಡುವ ಉಡುಪಾದ್ದರಿಂದ ಅಳತೆ ಅರ್ಧ ಇಂಚು ಆಚೀಚೆ ಆದರೂ ನಡೆಯುತ್ತದೆ. ಕಾನ್ವೆಂಟ್ ಮಕ್ಕಳ ಯೂನಿಫಾರಂ ರೂಪದಲ್ಲಿ ಎಲ್ಲರೂ ನೋಡಿರುವುದೇ. ಹಿಂದೂಪುರದ ಅಂಗಡಿ ಗೊಂಬೆಗೆ ಹಾಕಿದ ಜೀನ್ಸ್ ಫ್ರಾಕನ್ನು ನಿಮ್ಮ ಮಕ್ಕಳು ಕೈಮಾಡಿ ತೋರಿಸುತ್ತಾರಲ್ಲ, ಅದೂ ಇದೇ. ಬಟ್ಟೆ ಮಾತ್ರ ದಪ್ಪ. ದಪ್ಪ ಬಟ್ಟೆಯಲ್ಲಿ ಹೊಲಿಗೆ ಎದ್ದು ಕಾಣುತ್ತದೆ. ಮೇಲುಹೊಲಿಗೆ ನೆಟ್ಟಗಿದ್ದರೆ ನಾಲ್ಕು ಮಾರು ದೂರದಿಂದಲೂ ಗೊತ್ತಾಗುತ್ತದೆ. ಮನೆಯಲ್ಲಿ ಹೊಲಿದ ಡೆನಿಮ್ ಬಟ್ಟೆ ಅಂಗಡಿಯದರಂತೆ ಕಾಣದಿರುವುದಕ್ಕೆ ಮುಖ್ಯ ಕಾರಣವೇ ಆ ಮೇಲುಹೊಲಿಗೆ ಅಂಕುಡೊಂಕಾಗುವುದು. ನಿಮ್ಮ ಕೈಗೆ ಆ ತೊಂದರೆಯೇ ಇಲ್ಲ.

ಡೆನಿಮ್ ನಮ್ಮ ಸೀಮೆಗೆ ಹೊಸ ಬಟ್ಟೆಯೂ ಅಲ್ಲ. ಬಳ್ಳಾರಿಯ ಕೌಲ್ ಬಜಾರಿನ ಓಣಿಗಳಲ್ಲಿ ಜೀನ್ಸ್ ಹೊಲಿಗೆ ಮನೆಮನೆಯ ಕಸುಬು. ಒಂದು ಕಡೆ ಕಟ್ಟಿಂಗ್, ಇನ್ನೊಂದು ಮನೆಯಲ್ಲಿ ಹೊಲಿಗೆ, ಮತ್ತೊಂದು ಕಡೆ ಕಾಜ ಗುಂಡಿ. ಅದೇ ಕಸುಬು ರಾಯದುರ್ಗದಲ್ಲೂ ಬೇರುಬಿಟ್ಟಿದೆ. 1953ರಲ್ಲಿ ಆಂಧ್ರ ರಾಜ್ಯ ಆಗುವವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು, ಹಾಗಾಗಿ ಗಡಿ ಬದಲಾದರೂ ಮಂದಿಯ ಹೋಗುಬರವು ನಿಲ್ಲಲಿಲ್ಲ. ರಾಯದುರ್ಗದ ಪಕ್ಕದ ತಾಲ್ಲೂಕೇ ಕಲ್ಯಾಣದುರ್ಗ. ಆ ಕಡೆ ಕೊಟ್ಟುತಂದ ಸಂಬಂಧ ನಮ್ಮಲ್ಲಿ ಎಷ್ಟು ಮನೆಗಳಿಗಿಲ್ಲ! 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಪರಿಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಉಳಿದದ್ದೆಲ್ಲ ಮೊದಲಿನಂತೆಯೇ ಇದೆ. ಆ ಕಡೆ ನೆಂಟರಿದ್ದರೆ ಒಂದು ಮಾತು ಹೇಳಿಡಿ, ಜೀನ್ಸ್ ಹೊಲಿಯುವ ಕಡೆ ಒಳ್ಳೆಯ ಕಟ್‌ಪೀಸ್ ಸಿಕ್ಕರೆ ತಂದುಕೊಡುತ್ತಾರೆ.

ಬಟ್ಟೆ ಆರಿಸುವಾಗ ಅವಸರ ಮಾಡಬೇಡಿ. ಡೆನಿಮ್ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಚದರ ಗಜ ಬಟ್ಟೆಯ ತೂಕ ಅದು. ಗಂಡಸರ ಒರಟು ಜೀನ್ಸ್ ಪ್ಯಾಂಟಿನದು 12, 14 ಔನ್ಸ್ ಇರುತ್ತದೆ. ಅದನ್ನು ತಂದರೆ ಮನೆಯ ಮಿಷಿನ್ನೂ ದಣಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಮಗುವೂ ಬೇಯುತ್ತದೆ. 6ರಿಂದ 8 ಔನ್ಸಿನದು ಸಾಕು. ಅಂಗಡಿಯಲ್ಲಿ ಔನ್ಸ್ ಗೊತ್ತಿಲ್ಲ ಎಂದರೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆರಳಿಂದ ಹಿಚುಕಿ ನೋಡಿ. ನಾಲ್ಕು ಮಡಿಕೆ ನಿಮ್ಮ ಎರಡು ಬೆರಳ ನಡುವೆ ಸಲೀಸಾಗಿ ಬಾಗಿದರೆ ನಿಮ್ಮ ಮಿಷಿನ್ ಅದನ್ನು ಹೊಲಿಯುತ್ತದೆ. ಹಿಗ್ಗುವ ಲೈಕ್ರಾ ಡೆನಿಮ್ ಬೇಡ. ಈ ಉಡುಪಿಗೆ ಹಿಗ್ಗುವ ಅಗತ್ಯವಿಲ್ಲ, ಹೊಲಿಗೆ ಅಲೆಅಲೆಯಾಗುತ್ತದೆ.

ಮುದಿರೆಡ್ಡಿಪಲ್ಲಿ, ಸೋಮಂದೇಪಲ್ಲಿ ಕಡೆಯ ನೇಕಾರರ ಮನೆಯಿಂದ ಬಂದ ಹೆಣ್ಣುಮಕ್ಕಳು ನಿಮ್ಮಲ್ಲಿದ್ದೀರಿ, ನಿಮಗೆ ಈ ಬಟ್ಟೆ ಬೇಗ ಅರ್ಥವಾಗುತ್ತದೆ. ಹಾಸಿಗೆ ನೀಲಿ ನೂಲು, ಹೊಕ್ಕಿಗೆ ಬಿಳಿ ನೂಲು. ಹಾಸಿನ ಎಳೆ ಮೂರು ಹೊಕ್ಕಿನ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಅದಕ್ಕೇ ಮೇಲ್ಭಾಗ ನೀಲಿ, ಒಳಭಾಗ ಬೆಳ್ಳಗೆ, ಮೇಲೆ ಓರೆಗೆರೆ. ನೀಲಿ ಬಣ್ಣ ನೂಲಿನ ಒಡಲಿಗೆ ಪೂರ್ತಿ ಇಳಿದಿರುವುದಿಲ್ಲ, ಹೊರಸುತ್ತಿಗೆ ಮಾತ್ರ ಹಿಡಿದಿರುತ್ತದೆ. ಮೇಲ್ಪದರ ಉಜ್ಜಿಹೋದ ಹಾಗೆ ಒಳಗಿನ ಬಿಳಿ ಕಾಣತೊಡಗುತ್ತದೆ, ಜೀನ್ಸ್ ಮಾಸುವುದು ಹೀಗೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ, ಇಂಡಿಗೋ ಬಣ್ಣಕ್ಕೆ ಉಪ್ಪಿನ ಹಿಡಿತವಿಲ್ಲ. ಕತ್ತರಿಸುವ ಮೊದಲು ಬಟ್ಟೆಯನ್ನು ಬೇರೆಯಾಗಿ ಎರಡು ಸಲ ತಣ್ಣೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಒಗೆಯದೆ ಕತ್ತರಿಸಲೇಬಾರದು. ಕುಗ್ಗದಂತೆ ಸಂಸ್ಕರಿಸದ ಹತ್ತಿ ಡೆನಿಮ್ ಮೊದಲ ಒಗೆತಕ್ಕೆ ನೂರಕ್ಕೆ ಹತ್ತರವರೆಗೂ ಕುಗ್ಗಬಹುದು. 27 ಇಂಚಿನ ಉಡುಪು ಎರಡೂವರೆ ಇಂಚು ಮೇಲೇರಿದರೆ ನಿಮ್ಮ ಅಷ್ಟೂ ಕೆಲಸ ಹಾಳು. ಇನ್ನೂ ಒಂದು ಕಾರಣವಿದೆ. ಓರೆ ನೇಯ್ಗೆಯ ಬಟ್ಟೆಯಾದ್ದರಿಂದ ಒಗೆದ ಮೇಲೆ ಅದು ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತದೆ. ಕೆಲವು ಜೀನ್ಸ್ ಪ್ಯಾಂಟುಗಳ ಪಕ್ಕದ ಹೊಲಿಗೆ ಮೊಣಕಾಲ ಮುಂದಕ್ಕೆ ತಿರುಗಿರುವುದನ್ನು ನೋಡಿರುತ್ತೀರಿ. ಮೊದಲೇ ಒಗೆದರೆ ಆ ತಿರುಚು ಕತ್ತರಿ ಮುಟ್ಟುವ ಮೊದಲೇ ಬಂದುಹೋಗುತ್ತದೆ.

ನೀರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಮಾಸಿದ, ಉಜ್ಜಿದ ಜೀನ್ಸಿನ ಹಿಂದೆ ವಾಷಿಂಗ್ ಘಟಕವಿರುತ್ತದೆ, ರಾಸಾಯನಿಕ ಇರುತ್ತದೆ, ಹೊರಬಿದ್ದ ನೀಲಿ ನೀರಿರುತ್ತದೆ. ಆ ನೀರು ಎಲ್ಲಿಗೆ ಹೋಗಬೇಕು ಎಂಬುದು ಬಳ್ಳಾರಿಯವರಿಗೆ ಈಗಲೂ ಬಿಡಿಸಲಾಗದ ಗಂಟು. ಲೀವೈಸ್ ಕಂಪನಿ ತನ್ನ ಒಂದು ಜೀನ್ಸ್ ಪ್ಯಾಂಟಿಗೆ, ಹತ್ತಿ ಬೆಳೆಯುವುದರಿಂದ ಹಿಡಿದು ಕೊಂಡವರು ಮನೆಯಲ್ಲಿ ಒಗೆಯುವವರೆಗೆ, 3,781 ಲೀಟರ್ ನೀರು ಬೇಕೆಂದು 2015ರಲ್ಲಿ ಲೆಕ್ಕ ಕೊಟ್ಟಿತು. ಅದರಲ್ಲಿ ದೊಡ್ಡ ಪಾಲು ಹತ್ತಿಯದೇ, ಅದನ್ನು ನಾವು ತಪ್ಪಿಸಲಾಗದು. ಆದರೆ ಮಾಸಿಸುವ ನೀರನ್ನಂತೂ ತಪ್ಪಿಸಬಹುದು. ನಮ್ಮದು ಕೆರೆ ನಂಬಿ ಬದುಕಿದ ಊರು. ಪೆನುಕೊಂಡೆಯಲ್ಲಿ ಸಿಕ್ಕ ಗಂಗರ ತಾಮ್ರಶಾಸನದಲ್ಲಿ ಪರುವಿಯ ಕೆರೆಯ ಕೆಳಗಿನ ಗದ್ದೆಗಳನ್ನು ದಾನ ಕೊಟ್ಟ ವಿಷಯವಿದೆ. ಆ ಪರುವಿಯೇ ನಮ್ಮ ಪರಿಗಿ. ಜಯಮಂಗಲಿ ಹೊಳೆ ಬಂದು ಪಿನಾಕಿನಿಯನ್ನು ಕೂಡುವುದೂ ನಮ್ಮ ಊರ ಹತ್ತಿರವೇ. ಹೊಳೆ ಎರಡಿದ್ದೂ ಮಳೆಗಾಲಕ್ಕೆ ಕಾಯುವ ನಾವು ಗಾಢ ನೀಲಿ ಬಟ್ಟೆಯನ್ನು ಹಾಗೇ ಹೊಲಿದು ಮಗುವಿಗೆ ತೊಡಿಸಿದರೆ, ಅವಳು ಆಡಿ ಓಡಿ ಕೂತು ಎದ್ದ ಕಡೆಯೆಲ್ಲ ಅದು ತಾನಾಗಿ ಮಾಸುತ್ತದೆ.

ಇನ್ನು ಕಟ್ಟಿಂಗ್. ನಿಮಗೆ ಇದೇ ಹೊಸದಾದ್ದರಿಂದ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಎಂಟು ವರ್ಷದ ಸಾಧಾರಣ ಮೈಕಟ್ಟಿನ ಹುಡುಗಿಯ ಎದೆಸುತ್ತು 26 ಇಂಚು ಇದೆ ಎಂದಿಟ್ಟುಕೊಳ್ಳಿ. ಒಳಗೆ ಶರ್ಟು ಬರುವುದರಿಂದ 4 ಇಂಚು ಸಡಿಲ ಸೇರಿಸಿ, 30 ಆಯಿತು. ಅದರ ಕಾಲು ಭಾಗ ಏಳೂವರೆ, ಹೊಲಿಗೆಗೆ ಅರ್ಧ ಇಂಚು, ಒಟ್ಟು 8. ಹೆಗಲಿಂದ ಮೊಣಕಾಲಿಗೆ ಉದ್ದ 27, ಕೆಳಮಡಿಕೆಗೆ 3. ತೋಳುಸುತ್ತಿನ ಆಳ ಏಳೂವರೆ. ಕೆಳಗಿನ ಘೇರಿಗೆ ಕಾಲು ಭಾಗ ಹನ್ನೊಂದೂವರೆ ಇಟ್ಟು, ತೋಳಸಂದಿಯಿಂದ ಅಲ್ಲಿಗೆ ನೇರ ಗೆರೆ ಎಳೆಯಿರಿ. ನಡುಗೆರೆಯಿಂದ ಎರಡೂಮುಕ್ಕಾಲು ಇಂಚು ಬಿಟ್ಟು ಹೆಗಲಪಟ್ಟಿ ಶುರು, ಪಟ್ಟಿಯ ಅಗಲ ಒಂದೂಮುಕ್ಕಾಲು. ಪಟ್ಟಿಯ ಎರಡೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಗೆ ಬಿಡಿ. ಕೊರಳ ಆಳ ಮುಂದೆ 5, ಹಿಂದೆ 4. ಹಿಂಭಾಗದ ಪಟ್ಟಿಯನ್ನು ಮಾತ್ರ ಎರಡೂವರೆ ಇಂಚು ಉದ್ದ ಬಿಡಿ. ಅದು ಹೆಗಲ ಮೇಲೆ ಹಾದು ಮುಂದೆ ಬಂದು ಗುಂಡಿ ಹಾಕಿಕೊಳ್ಳುತ್ತದೆ, ಹಾಗಾಗಿ ಜಿಪ್ಪೇ ಬೇಡ. ಇವಿಷ್ಟನ್ನೂ ಮೊದಲು ಹಳೆಯ ನ್ಯೂಸ್‌ಪೇಪರ್ ಮೇಲೆ ಬರೆದು ಕತ್ತರಿಸಿ, ಮಗಳ ಮೈಮೇಲೆ ಹಿಡಿದು ನೋಡಿ. ಪೇಪರ್ ತಪ್ಪಿದರೆ ಇನ್ನೊಂದು ಪೇಪರ್ ಸಿಗುತ್ತದೆ.

58 ಇಂಚು ಪನ್ನದ ಬಟ್ಟೆಯಲ್ಲಿ ಮುಂಭಾಗ, ಹಿಂಭಾಗ ಪಕ್ಕಪಕ್ಕ ಕೂರುತ್ತವೆ. ಒಂದೂಕಾಲು ಮೀಟರ್ ತಂದರೆ ಜೇಬುಗಳೂ ಬರುತ್ತವೆ, ಕುಗ್ಗುವುದಕ್ಕೂ ಲೆಕ್ಕ ಸಿಗುತ್ತದೆ. ಉಡುಪಿನ ಉದ್ದ ಹಾಸಿನ ದಿಕ್ಕಿಗೇ ಇರಲಿ, ಬಟ್ಟೆ ಉಳಿಸಲೆಂದು ಅಡ್ಡ ತಿರುಗಿಸಬೇಡಿ. ಕೊರಳು, ತೋಳುಸುತ್ತಿನ ಒಳಪಟ್ಟಿಗೆ ಡೆನಿಮ್ಮನ್ನೇ ಬಳಸಬೇಡಿ, ದಪ್ಪದ ಮೇಲೆ ದಪ್ಪವಾಗಿ ಮಡಿಕೆ ಕೂರುವುದಿಲ್ಲ. ಅಮ್ಮನ ಹಳೆಯ ಕಾಟನ್ ಸೀರೆಯ ಗಟ್ಟಿ ಉಳಿದ ಭಾಗ ಬಹಳ ಚೆನ್ನಾಗಿ ಹೊಂದುತ್ತದೆ. ಪಟ್ಟಿಯ ತುದಿಯಿಂದ ತೋಳಸಂದಿಯ ಕೆಳಗೆ ಎರಡೂವರೆ ಇಂಚಿನವರೆಗೆ ಮೇಲ್ಬಟ್ಟೆಯ ಆಕಾರದಲ್ಲೇ ಅದನ್ನು ಕತ್ತರಿಸಿಕೊಳ್ಳಿ.

ಮಿಷಿನ್ ವಿಷಯಕ್ಕೆ ಬಂದರೆ, ಫ್ಯಾಕ್ಟರಿಯಲ್ಲಿ ನಿಮ್ಮ ಕಾಲ ಕೆಳಗಿರುವುದು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲ ಯಂತ್ರ. ಮನೆಯಲ್ಲಿರುವುದು ಅತ್ತೆ ಕಾಲದ ಕಾಲ್ತುಳಿ ಮಿಷಿನ್. ಮೊದಲ ಅರ್ಧಗಂಟೆ ನಿಮಗೆ ಕೈಕಾಲು ಕಟ್ಟಿದ ಹಾಗಾಗುತ್ತದೆ. ಆದರೆ ಡೆನಿಮ್‌ಗೆ ಕಾಲ್ತುಳಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದಪ್ಪ ಬಂದ ಕಡೆ ವೇಗ ಇಳಿಸಿ ಒಂದೊಂದೇ ಹೊಲಿಗೆ ಹಾಕಲು ಅದು ಬಿಡುತ್ತದೆ, ಸಣ್ಣ ಮೋಟರ್ ಅಲ್ಲಿ ಗುಂಯ್ ಎಂದು ನಿಂತುಬಿಡುತ್ತದೆ. ತೊಗಲಿನ ಬೆಲ್ಟು ಸಡಿಲವಾಗಿದೆಯೇ ನೋಡಿ. ಕೆಳಗಿನ ಚಕ್ರ ತಿರುಗುತ್ತಿದ್ದರೂ ಸೂಜಿ ದಪ್ಪಕ್ಕೆ ಇಳಿಯದಿದ್ದರೆ ಬೆಲ್ಟನ್ನು ಅರ್ಧ ಇಂಚು ಕತ್ತರಿಸಿ ಮತ್ತೆ ಕೊಂಡಿ ಹಾಕಿ. ಎಣ್ಣೆ ಬಿಟ್ಟು, ಹಳೆ ಬಟ್ಟೆ ಮೇಲೆ ಸ್ವಲ್ಪ ಓಡಿಸಿ ಒರೆಸಿ. ಫ್ಯಾಕ್ಟರಿಯ ಸೂಜಿ ಇದಕ್ಕೆ ಆಗುವುದಿಲ್ಲ. ಅದರ ಬುಡ ದುಂಡಗೆ, ಮನೆಯ ಮಿಷಿನ್ ಸೂಜಿಯ ಬುಡ ಸಾಮಾನ್ಯವಾಗಿ ಒಂದು ಕಡೆ ಚಪ್ಪಟೆ. ಜೋಡಿಸುವುದಕ್ಕೆ 16 ನಂಬರ್, ಮೇಲುಹೊಲಿಗೆಗೆ 18 ನಂಬರ್ ಸೂಜಿ ತನ್ನಿ. ನಾಲ್ಕಾರು ತಂದಿಡಿ, ಒಂದೆರಡು ಮುರಿಯುತ್ತವೆ. ಜೀನ್ಸಿನ ತಾಮ್ರದ ಬಣ್ಣದ ದಪ್ಪ ದಾರ ಬಾಬಿನ್‌ಗೆ ಸುತ್ತಿದರೆ ಮನೆ ಮಿಷಿನ್ ಸಿಕ್ಕುಹಾಕುತ್ತದೆ. ಬಾಬಿನ್‌ಗೆ ಮಾಮೂಲಿ ದಾರ ಇರಲಿ, ಸೂಜಿಗೆ ಮಾತ್ರ ತಾಮ್ರದ ಬಣ್ಣದ ಮಾಮೂಲಿ ದಾರವನ್ನೇ ಎರಡೆಳೆ ಸೇರಿಸಿ ಪೋಣಿಸಿ, ಮೇಲಿನ ಟೆನ್ಷನ್ ಸ್ವಲ್ಪ ಬಿಗಿ ಮಾಡಿ. ಹೊಲಿಗೆ ಉದ್ದವಿರಲಿ, ಇಂಚಿಗೆ 7, 8 ಬಿದ್ದರೆ ಜೀನ್ಸಿನ ಕಳೆ ಬರುತ್ತದೆ. ಬ್ಲೌಸಿಗೆ ಹಾಕುವಂತೆ ಸಣ್ಣ ಹೊಲಿಗೆ ಹಾಕಿದರೆ ದಾರ ಬಟ್ಟೆಯೊಳಗೆ ಹೂತುಹೋಗುತ್ತದೆ.

ಕ್ರಮವನ್ನು ನೀವು ಲೈನಿನಲ್ಲೇ ನೋಡಿದ್ದೀರಿ, ಹಾಗೆಂದು ಯಾರೂ ನಿಮಗೆ ಹೇಳಿಲ್ಲ ಅಷ್ಟೇ. ಸಣ್ಣ ಭಾಗಗಳು ಮೊದಲು, ಜೋಡಣೆ ಆಮೇಲೆ, ಕೆಳಮಡಿಕೆ ಕೊನೆಗೆ. ಜೇಬುಗಳನ್ನು ಮಡಿಸಿ ಇಸ್ತ್ರಿ ಮಾಡಿ ಮುಂಭಾಗಕ್ಕೆ ಬಟ್ಟೆ ಚಪ್ಪಟೆ ಇರುವಾಗಲೇ ಹೊಲಿದುಬಿಡಿ. ಪಾಕೆಟ್ ಅಟ್ಯಾಚ್ ಮಾಡುವ ಅಕ್ಕ, ಇದು ನಿಮ್ಮ ಕೆಲಸವೇ. ಆಮೇಲೆ ಒಳಪಟ್ಟಿಯನ್ನು ಮೇಲ್ಮೈಗೆ ಮೇಲ್ಮೈ ಸೇರಿಸಿ ಕೊರಳು, ಪಟ್ಟಿಯ ತುದಿ, ತೋಳುಸುತ್ತು ಒಂದೇ ಓಟದಲ್ಲಿ ಹೊಲಿಯಿರಿ. ತಿರುವುಗಳಲ್ಲಿ ಹೊಲಿಗೆಯ ಅಂಚಿನವರೆಗೆ ಕತ್ತರಿಯಿಂದ ಗೀರು ಕೊಟ್ಟು, ತಿರುಗಿಸಿ, ಪೆನ್ಸಿಲ್ಲಿನ ಮೊಂಡು ತುದಿಯಿಂದ ಪಟ್ಟಿಯ ಮೂಲೆ ಹೊರದೂಡಿ, ಇಸ್ತ್ರಿ ಒತ್ತಿ, ಸುತ್ತಲೂ ಮೇಲುಹೊಲಿಗೆ. ಕಾಲರ್ ಮಾಡುವವರಿಗೆ ಇದು ನೀರು ಕುಡಿದಷ್ಟು ಸುಲಭ. ಪಕ್ಕದ ಹೊಲಿಗೆಯಲ್ಲಿ ಡೆನಿಮ್, ಒಳಪಟ್ಟಿ ಎರಡನ್ನೂ ಮೇಲಿಂದ ಕೆಳಗೆ ಒಂದೇ ಸಾಲಲ್ಲಿ ಜೋಡಿಸಿ, ಅಂಚಿಗೆ ಓವರ್‌ಲಾಕ್ ಮಾಡಿಸಿ. ಪಿಕೋ ಫಾಲ್ ಅಂಗಡಿಯವರು ನಿಂತ ಕಾಲಲ್ಲೇ ಮಾಡಿಕೊಡುತ್ತಾರೆ. ಆಮೇಲೆ ಅಂಚನ್ನು ಹಿಂದಕ್ಕೆ ಒರಗಿಸಿ ಮೇಲಿಂದ ಕಾಲು ಇಂಚಿನ ಅಂತರದಲ್ಲಿ ಎರಡು ಸಾಲು ಹಾಕಿದರೆ ಪ್ಯಾಂಟಿನ ಹೊಲಿಗೆಯಷ್ಟೇ ಗಟ್ಟಿ.

ಕಷ್ಟ ಬರುವುದು ಒಂದೇ ಕಡೆ, ಕೆಳಮಡಿಕೆ ಪಕ್ಕದ ಹೊಲಿಗೆಯನ್ನು ದಾಟುವಲ್ಲಿ. ಅಲ್ಲಿ ಅಂಚುಗಳೆಲ್ಲ ಸೇರಿ ಎಂಟೊಂಬತ್ತು ಪದರವಾಗುತ್ತದೆ. ಪಾದದ ಮೂತಿ ಮೇಲೇಳುತ್ತದೆ, ಹಲ್ಲಿಗೆ ಬಟ್ಟೆ ಸಿಗುವುದಿಲ್ಲ, ಸೂಜಿ ಅಲ್ಲೇ ನಾಲ್ಕು ಸಲ ಕುಟ್ಟಿ ದಾರ ಗಂಟಾಗುತ್ತದೆ, ಇಲ್ಲವೇ ಟಕ್ಕೆಂದು ಮುರಿಯುತ್ತದೆ. ಮೊದಲು ಆ ಗಡ್ಡೆಯ ಮೇಲೆ ಬಟ್ಟೆ ಹಾಸಿ ಸುತ್ತಿಗೆಯಿಂದ ಹತ್ತಾರು ಪೆಟ್ಟು ಕೊಡಿ, ನೂಲು ಚಪ್ಪಟೆಯಾಗುತ್ತದೆ. ಹೊಲಿಯುತ್ತಾ ಗಡ್ಡೆಯ ಅಂಚಿಗೆ ಬಂದಾಗ ಸೂಜಿ ಇಳಿಸಿ, ಪಾದ ಎತ್ತಿ, ಡೆನಿಮ್ ಚೂರನ್ನು ಮಡಿಸಿ ಅದೇ ದಪ್ಪ ಬರುವಂತೆ ಮಾಡಿ ಪಾದದ ಹಿಂಬದಿಗೆ ಸಿಕ್ಕಿಸಿ. ಪಾದ ಮಟ್ಟಸವಾಗಿ ಕೂರುತ್ತದೆ. ಇನ್ನು ಕಾಲು ತೆಗೆಯಿರಿ. ಬಲಗೈಯಿಂದ ಮೇಲಿನ ಚಕ್ರ ತಿರುಗಿಸುತ್ತಾ ಒಂದೊಂದೇ ಹೊಲಿಗೆಯಾಗಿ ದಾಟಿಸಿ. ಇಳಿಯುವಾಗ ಅದೇ ಚೂರನ್ನು ಪಾದದ ಮುಂದೆ ಇಡಿ. ಹಾಗೆ ದಾಟಿಸಿದ ಕಡೆ ಹೊಲಿಗೆಯ ಉದ್ದ ಬದಲಾಗಿದೆಯೇ ಎಂದು ಹುಡುಕಿದರೂ ಸಿಗಬಾರದು.

ಜೇಬಿನ ಮೇಲ್ತುದಿಗಳು ಹರಿಯುವುದು ಎಲ್ಲ ಕಾಲದ ಸಮಸ್ಯೆ. ಅಮೆರಿಕದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ಟೈಲರ್ ಇದ್ದ. ಕೂಲಿ ಮಾಡುವವರ ಪ್ಯಾಂಟಿನ ಜೇಬು ಹರಿಯದಂತೆ ಮೂಲೆಗಳಿಗೆ ತಾಮ್ರದ ಮೊಳೆಗುಂಡಿ ಬಡಿದು ಹೊಲಿದುಕೊಟ್ಟ. ಕೈಯಲ್ಲಿ ದುಡ್ಡಿಲ್ಲದ್ದರಿಂದ ತನಗೆ ಬಟ್ಟೆ ಕೊಡುತ್ತಿದ್ದ ವ್ಯಾಪಾರಿ ಲೀವೈ ಸ್ಟ್ರಾಸ್‌ನನ್ನು ಸೇರಿಸಿಕೊಂಡು 1873ರ ಮೇ 20ರಂದು ಪೇಟೆಂಟ್ ಪಡೆದ. ಪ್ಯಾಂಟಿಗೆ ಹೆಸರು ಬಂದದ್ದು ವ್ಯಾಪಾರಿಯದು, ಉಪಾಯ ಟೈಲರನದು. ನೀವು ಈ ಸಂಗತಿ ತಿಳಿದಿರಬೇಕು ಎಂಬುದು ನನ್ನ ಆಸೆ. ನಮ್ಮ ಮನೆಯಲ್ಲಿ ಮೊಳೆಗುಂಡಿ ಬಡಿಯುವ ಅಚ್ಚಿಲ್ಲ, ಬಾರ್‌ಟ್ಯಾಕ್ ಮಿಷಿನ್ನೂ ಇಲ್ಲ. ಜೇಬಿನ ಎರಡೂ ತುದಿಯಲ್ಲಿ ಅರ್ಧ ಇಂಚಿನ ಸಣ್ಣ ತ್ರಿಕೋನ ಹೊಲಿದು, ಅದರ ಮೇಲೆ ಮುಂದಕ್ಕೂ ಹಿಂದಕ್ಕೂ ಮೂರು ನಾಲ್ಕು ಸಲ ಓಡಿಸಿ. ಮಗು ಹುಣಿಸೆಬೀಜ, ಗೋಲಿ, ಕಲ್ಲು ಏನು ತುಂಬಿದರೂ ಜೇಬು ಜಗ್ಗುವುದಿಲ್ಲ.

ಜೇಬಿನ ಮೇಲೆ ಕಸೂತಿ ಮಾಡುವ ಮನಸ್ಸಿದ್ದರೆ ಮೊಬೈಲಿನಲ್ಲಿ ಡಿಸೈನ್ ಹುಡುಕಬೇಡಿ. ಲೇಪಾಕ್ಷಿ ಎಷ್ಟು ದೂರ? ಹಿಂದೂಪುರದಿಂದ ಹದಿನೈದು ಕಿಲೋಮೀಟರ್. 16ನೇ ಶತಮಾನದಲ್ಲಿ ಅಚ್ಯುತರಾಯನ ಕಾಲಕ್ಕೆ ವಿರೂಪಣ್ಣ ಕಟ್ಟಿಸಿದ ಅಲ್ಲಿನ ಗುಡಿಯಲ್ಲಿ ಲತಾಮಂಟಪವಿದೆ. ಒಂದೊಂದು ಕಂಬದ ಮೇಲೂ ಬಳ್ಳಿಯ, ಹಕ್ಕಿಯ, ಹೂವಿನ ಬೇರೆಬೇರೆ ಚಿತ್ತಾರ. ಸೀರೆ ಅಂಚಿಗೆ ಆ ಚಿತ್ತಾರಗಳನ್ನು ಎತ್ತಿಕೊಂಡ ನೇಕಾರರು ಎಷ್ಟೋ ಮಂದಿ. ಒಳಗೆ ಮೇಲ್ಛಾವಣಿಯ ಚಿತ್ರಗಳಲ್ಲಿ ಹೆಂಗಸರು ಉಟ್ಟ ಸೀರೆಗಳನ್ನೂ ಕತ್ತೆತ್ತಿ ನೋಡಿ. ಒಬ್ಬಳದರಂತೆ ಇನ್ನೊಬ್ಬಳದಿಲ್ಲ, ಗೆರೆ, ಚೌಕಳಿ, ಹೂ ಎಲ್ಲ ಇವೆ. ಲತಾಮಂಟಪದ ಒಂದು ಬಳ್ಳಿಯನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಂದು ಎದೆಯ ಜೇಬಿಗೆ ಸರಪಳಿ ಹೊಲಿಗೆಯಲ್ಲಿ ಹಾಕಿದರೆ, ನಮ್ಮ ಸೀಮೆಯ ಗುರುತು ಮಗುವಿನ ಮೈಮೇಲೇ ಇರುತ್ತದೆ. ಅಂಥ ಪಿನಾಫೋರ್ ಯಾವ ಮಾಲ್‌ನಲ್ಲೂ ಸಿಗುವುದಿಲ್ಲ. ಕಸೂತಿಯನ್ನು ಜೇಬು ಕೂರಿಸುವ ಮೊದಲೇ ಮುಗಿಸಬೇಕು, ಇದನ್ನು ಮರೆಯಬೇಡಿ.

ಮಕ್ಕಳು ಬೆಳೆಯುತ್ತಾರೆ, ಆದ್ದರಿಂದಲೇ 3 ಇಂಚು ಕೆಳಮಡಿಕೆ ಹೇಳಿದ್ದು. ಮುಂದಿನ ವರ್ಷ ಬಿಚ್ಚಿ ಎರಡಿಂಚು ಇಳಿಸಬಹುದು. ಇಳಿಸಿದಾಗ ಹಳೆಯ ಮಡಿಕೆ ಇದ್ದಲ್ಲಿ ಬಿಳಿಗೆರೆಯೊಂದು ಕಾಣುತ್ತದೆ, ಎಷ್ಟು ಒಗೆದರೂ ಅದು ಹೋಗದು. ಅದರ ಮೇಲೆ ತಾಮ್ರದ ದಾರದಲ್ಲಿ ಎರಡು ಸಾಲು ಹೊಲಿಗೆಯನ್ನೋ ಒಂದು ಪಟ್ಟಿಯನ್ನೋ ಹಾಕಿಬಿಡಿ. ಹೆಗಲಪಟ್ಟಿಗೆ ಒಂದರ ಬದಲು ಮೂರು ಕಾಜ ಮಾಡಿದರೆ ಪಟ್ಟಿಯೂ ಉದ್ದವಾಗುತ್ತಾ ಹೋಗುತ್ತದೆ. ಕಾಜವನ್ನು ಕೈಯಲ್ಲೇ ಮಾಡಿ. ಡೆನಿಮ್ ಮೇಲೆ ಕೈಕಾಜ ಬಹಳ ಲಕ್ಷಣವಾಗಿ ಕೂರುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆಯಕ್ಕ ಎಂದು ನೀವು ಕೇಳುತ್ತೀರಿ, ಕೇಳುವುದು ನ್ಯಾಯವೇ. ಬಸ್ಸಿಳಿದು ಮನೆಗೆ ಬಂದರೆ ನೀರು, ಅಡುಗೆ, ಮಕ್ಕಳ ಪಾಠ. ಸೊಂಟ ಕೂತು ಕೂತು ಮರಗಟ್ಟಿರುತ್ತದೆ. ಕೆಲಸದ ದಿನ ರಾತ್ರಿ ಮತ್ತೆ ಮಿಷಿನ್ ಮುಂದೆ ಕೂರಿ ಎಂದು ನಾನು ಹೇಳುವುದಿಲ್ಲ, ಕೂರಲೂ ಬೇಡಿ. ಒಂದು ಭಾನುವಾರ ಪೇಪರ್ ಮತ್ತು ಕಟ್ಟಿಂಗ್, ಇನ್ನೊಂದು ಭಾನುವಾರ ಹೊಲಿಗೆ, ಮಧ್ಯೆ ಯಾವಾಗಲಾದರೂ ಟಿವಿ ಮುಂದೆ ಕೂತು ಕಸೂತಿ. ಇದರಿಂದ ದುಡ್ಡು ಬರುತ್ತದೆಯೇ ಎಂದೂ ಕೆಲವರು ಕೇಳುತ್ತೀರಿ. ಮೊದಲನೆಯದರಲ್ಲಿ ಬರುವುದಿಲ್ಲ. ಮುಂದೆ ಬರಬಹುದು. ಒಂದು ಉಡುಪು ಪೂರ್ತಿ ಗೊತ್ತಿರುವವರು ಫ್ಯಾಕ್ಟರಿಯಲ್ಲೂ ಒಂದೇ ಆಪರೇಷನ್‌ಗೆ ಅಂಟಿಕೊಂಡು ಕೂರಬೇಕಾಗಿಲ್ಲ, ಫ್ಯಾಕ್ಟರಿ ಬಿಡಬೇಕಾಗಿ ಬಂದರೆ ಮನೆಯಲ್ಲೂ ಕೈಕಟ್ಟಿ ಕೂರಬೇಕಾಗಿಲ್ಲ. ಮದುವೆ, ಬಾಣಂತನ, ಹಿರಿಯರ ಕಾಯಿಲೆ ಎಂದು ಲೈನು ಬಿಟ್ಟ ಎಷ್ಟೋ ಹೆಣ್ಣುಮಕ್ಕಳು, ಅಷ್ಟು ವರ್ಷ ಹೊಲಿದೂ ಮನೆಗೆ ಒಂದು ದಿಂಬಿನ ಕವರ್ ಹೊಲಿಯಲು ಧೈರ್ಯವಿಲ್ಲದೆ ಕೂತಿರುವುದನ್ನು ನಾನು ನೋಡುತ್ತಿದ್ದೇನೆ. ನಿಮಗೆ ಹಾಗಾಗಬಾರದು.

ನಿಮ್ಮಲ್ಲೇ ಹಂಚಿಕೊಂಡು ಕಲಿಯುವುದು ಎಲ್ಲಕ್ಕಿಂತ ಸುಲಭ. ಒಂದೇ ಬಸ್ಸಿನಲ್ಲಿ ಜೇಬಿನವಳು, ಕಾಲರಿನವಳು, ಓವರ್‌ಲಾಕಿನವಳು, ಕಾಜದವಳು ಎಲ್ಲ ಇದ್ದೀರಿ. ಒಬ್ಬರು ಇನ್ನೊಬ್ಬರಿಗೆ ತಮ್ಮ ಕೆಲಸ ತೋರಿಸಿದರೆ ಸಾಕು, ಬಸ್ಸಿನ ಒಂದು ಸಾಲು ಸೀಟಿನಲ್ಲಿ ಒಬ್ಬ ಪೂರ್ತಿ ಟೈಲರ್ ಇದ್ದಾಳೆ. ಕಟ್ಟಿಂಗ್ ನಾನು ತೋರಿಸುತ್ತೇನೆ. ಭಾನುವಾರ ಊಟವಾದ ಮೇಲೆ ನನ್ನ ಮನೆಯ ಪಡಸಾಲೆ ಖಾಲಿಯೇ ಇರುತ್ತದೆ, ಕತ್ತರಿಸಲು ಉದ್ದನೆಯ ಮೇಜಿದೆ. ಬರುವಾಗ ಬಟ್ಟೆಯನ್ನು ಒಗೆದು ಒಣಗಿಸಿ ಇಸ್ತ್ರಿ ಮಾಡಿಕೊಂಡೇ ಬನ್ನಿ, ಹೊಸ ಬಟ್ಟೆ ಹಾಗೇ ತಂದರೆ ನಾನು ಕತ್ತರಿ ಹಾಕಲು ಬಿಡುವುದಿಲ್ಲ. ಮಗಳಿಗೆ ಈಗ ಸರಿಯಾಗಿ ಕೂರುವ ಒಂದು ಫ್ರಾಕ್, ನಾಲ್ಕು ಹಾಳೆ ಪೇಪರ್, 16 ನಂಬರ್ ಸೂಜಿ ತನ್ನಿ. ಮಗಳನ್ನೂ ಕರೆದುಕೊಂಡು ಬನ್ನಿ, ತೋಳುಸುತ್ತನ್ನು ಅವಳ ಮೈಮೇಲೆ ಹಿಡಿದೇ ನೋಡಬೇಕು.

ಇಂತಿ ನಿಮ್ಮ,
ಪರಿಗಿಯ ಟೈಲರಕ್ಕ